ಮೊಟ್ಟೆ ತೇಲುವ ಉಪ್ಪುನೀರಲ್ಲಿ ಬಾಟಲಿ ಚೂರು ಮುಳುಗುತ್ತದೆ

ಸಸಿಮಡಿಗೆ ಬೀಜ ಹಾಕುವ ಹಿಂದಿನ ದಿನ ನಮ್ಮಜ್ಜ ಹಿತ್ತಲಲ್ಲಿ ದೊಡ್ಡ ಬಾನಿ ಇಡಿಸಿ, ನೀರು ತುಂಬಿಸಿ, ಅದಕ್ಕೆ ಹರಳುಪ್ಪು ಕಲಸುತ್ತಿದ್ದರು. ಉಪ್ಪು ಎಷ್ಟು ಎನ್ನುವುದಕ್ಕೆ ತಕ್ಕಡಿ ಇರಲಿಲ್ಲ, ಒಂದು ಕೋಳಿಮೊಟ್ಟೆ ಇತ್ತು. ಮೊಟ್ಟೆ ತಳ ಹಿಡಿದು ಕೂತರೆ ಉಪ್ಪು ಸಾಲದು. ಅದು ಮೇಲೆದ್ದು ಪಾವಲಿಯಷ್ಟು ಅಗಲ ನೆತ್ತಿ ತೋರಿಸಿದರೆ ನೀರು ಹದಕ್ಕೆ ಬಂತೆಂದು ಅರ್ಥ. ಆಮೇಲೆ ಬೀಜದ ಭತ್ತ ಸುರಿದು ಕೈಯಾಡಿಸಿದರೆ ಜೊಳ್ಳೆಲ್ಲ ಮೇಲೆ, ಗಟ್ಟಿ ಕಾಳು ಕೆಳಗೆ. ಜೊಳ್ಳನ್ನು ಮೊರದಲ್ಲಿ ಬಾಚಿ ತೆಗೆದು, ಗಟ್ಟಿಯನ್ನು ಎರಡು ಮೂರು ನೀರಲ್ಲಿ ತೊಳೆದು ಮೊಳಕೆಗೆ ಕಟ್ಟುತ್ತಿದ್ದರು. ಬರೀ ನೀರಲ್ಲಿ ಹಾಕಿದರೆ ಅರೆಜೊಳ್ಳು ಕೂಡ ಮುಳುಗಿಬಿಡುತ್ತದೆ, ಉಪ್ಪುನೀರಿಗೆ ಅದು ಮೋಸ ಮಾಡಲಾರದು ಎಂದು ಅವರು ಹೇಳಿದ್ದು ನನಗಿನ್ನೂ ನೆನಪಿದೆ.

ಅಜ್ಜನ ಬಾನಿ ಈಗ ನೆನಪಾದದ್ದು ಭದ್ರಾವತಿಯ ಓದುಗರೊಬ್ಬರ ಪತ್ರದಿಂದ. ‘ನದಿಯ ಒಂದು ಕಿಲೋ ಕೆಸರಿನಲ್ಲಿ ಇಷ್ಟು ಪ್ಲಾಸ್ಟಿಕ್ ಕಣ ಸಿಕ್ಕಿತು ಅಂತ ಪೇಪರಿನಲ್ಲಿ ಓದುತ್ತೇವೆ. ಕಣ್ಣಿಗೇ ಕಾಣದ್ದನ್ನು ಕೆಸರಿನಿಂದ ಹೆಕ್ಕುವುದು ಹೇಗೆ ಸರ್? ಆ ಲೆಕ್ಕ ನಂಬಬಹುದಾ?’ ಎಂದು ಕೇಳಿದ್ದಾರೆ. ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಇನ್ನೂ ಕೆಲವರು ಕೇಳಿದ್ದುಂಟು. ಹೆಕ್ಕುವುದು ಹೇಗೆ ಎಂಬುದಕ್ಕೆ ಉತ್ತರ ಸುಲಭ: ಅಜ್ಜನ ಬಾನಿಯಲ್ಲಿ ನಡೆಯುತ್ತಿದ್ದದ್ದೇ ಪ್ರಯೋಗಾಲಯದ ಬೀಕರಿನಲ್ಲೂ ನಡೆಯುತ್ತದೆ. ನಂಬಬಹುದಾ ಎಂಬುದಕ್ಕೆ ಮಾತ್ರ ಸ್ವಲ್ಪ ಹೆಚ್ಚು ಜಾಗ ಬೇಕು.

ಐದು ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಬ್ರಿಟನ್ನಿನ ಕಡಲವಿಜ್ಞಾನಿ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು 2004ರಲ್ಲಿ ಕಡಲತೀರದ ಮರಳು, ಕೆಸರು ತಂದು ಉಪ್ಪುನೀರಿನಲ್ಲಿ ಕದಡಿ, ಮೇಲೆ ತೇಲಿದ್ದನ್ನು ಪರೀಕ್ಷಿಸಿ ಬರೆದ ಪುಟ್ಟ ಲೇಖನದ ನಂತರ ಈ ಪದ ಲೋಕಪ್ರಸಿದ್ಧವಾಯಿತು. ನಮ್ಮ ಕಡೆ ಇದಕ್ಕೆ ಮೂಲಗಳನ್ನು ದೂರ ಹುಡುಕಬೇಕಿಲ್ಲ. ಪಾಲಿಯೆಸ್ಟರ್ ಸೀರೆ, ಶರ್ಟು ಒಗೆದ ಪ್ರತಿ ಸಲವೂ ನೂಲಿನ ತುಣುಕು ಬಿಡುತ್ತವೆ. ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಹಿಂದೆ ಕರಡದ ಕೊಟ್ಟೆ ಕಟ್ಟುತ್ತಿದ್ದೆವು, ಈಗ ಪ್ಲಾಸ್ಟಿಕ್ ಹಾಳೆಯ ಕೊಟ್ಟೆ ಬಂದಿದೆ. ಅದು ಮಳೆ ಬಿಸಿಲಿಗೆ ಹರಿದು ತೋಟದಲ್ಲೇ ಉದುರುತ್ತದೆ. ತೋಟದೊಳಗಿನ ಹನಿ ನೀರಾವರಿ ಪೈಪು, ಬೇಲಿಗೆ ಸಿಕ್ಕಿಕೊಂಡ ಗೊಬ್ಬರದ ಚೀಲ, ಚರಂಡಿಗೆ ಬಿದ್ದ ಗುಟ್ಕಾ ಸ್ಯಾಚೆ, ಇವೆಲ್ಲ ಸವೆಯುತ್ತ ಒಡೆಯುತ್ತ ಹಳ್ಳ ಹಿಡಿದು ತುಂಗೆ ಭದ್ರೆಯ ಕಡೆಗೇ ಹೋಗುವುದು.

ನೀರನ್ನು ಬಿಟ್ಟು ಕೆಸರನ್ನೇ ಯಾಕೆ ನೋಡಬೇಕು ಎಂದೂ ಕೆಲವರು ಕೇಳುತ್ತಾರೆ. ಬೆಳಿಗ್ಗೆ ಗಾಜನೂರಿನಲ್ಲಿ ಮುಟ್ಟಿದ ನೀರು ಹೊತ್ತು ಕಳೆದಂತೆ ಕೂಡ್ಲಿಯ ದಾರಿ ಹಿಡಿದಿರುತ್ತದೆ. ಹೂಳು ಹಾಗಲ್ಲ, ಹರಿವು ನಿಧಾನವಾದಲ್ಲಿ ಪದರ ಪದರವಾಗಿ ಕೂರುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಲಿನ ನದಿಗಳ ತಳವನ್ನು ಅಲ್ಲಿನ ಸಂಶೋಧಕರು ಪ್ರವಾಹಕ್ಕೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ನದಿತಳದಲ್ಲಿ ಕೂಡಿಟ್ಟಿದ್ದ ಸೂಕ್ಷ್ಮ ಪ್ಲಾಸ್ಟಿಕ್ಕಿನ ಸುಮಾರು ಶೇಕಡ 70ರಷ್ಟನ್ನು ಆ ಪ್ರವಾಹ ತೊಳೆದುಕೊಂಡು ಹೋಗಿತ್ತು. ಪ್ರತಿ ಆಷಾಢದಲ್ಲಿ ಕೆಂಪಾಗಿ ಉಕ್ಕುವ ತುಂಗೆಯನ್ನು ನೋಡಿದವರಿಗೆ ಈ ಮಾತಿನ ತೂಕ ಬೇಗ ಅರ್ಥವಾಗುತ್ತದೆ. ಮೇ ತಿಂಗಳ ಕೆಸರೂ ಅಕ್ಟೋಬರಿನ ಕೆಸರೂ ಒಂದೇ ಅಲ್ಲ.

ಪ್ರಯೋಗಾಲಯಕ್ಕೆ ಹೋಗುವ ಮೊದಲು ಮನೆಯಲ್ಲಿ ಒಂದು ಕೆಲಸ ಮಾಡಿ ನೋಡಿ. ನಾನು ಮೊನ್ನೆ ಮೊಮ್ಮಗಳನ್ನು ಕೂರಿಸಿಕೊಂಡು ಮಾಡಿದೆ. ಹಾಲಿನ ಪ್ಯಾಕೆಟಿನ ಚೂರು, ನೀರಿನ ಬಾಟಲಿಯ ಮುಚ್ಚಳದ ಚೂರು, ಅದೇ ಬಾಟಲಿಯ ಮೈಯ ಚೂರು, ಜಾತ್ರೆಯಲ್ಲಿ ಐಸ್‌ಕ್ರೀಮಿಗೆ ಕೊಟ್ಟಿದ್ದ ಗಟ್ಟಿ ಬಿಳಿ ಚಮಚದ ತುಂಡು, ಹೀಗೆ ನಾಲ್ಕನ್ನೂ ಅಕ್ಕಿಕಾಳಿನ ಗಾತ್ರಕ್ಕೆ ಕತ್ತರಿಸಿಕೊಂಡೆವು. ಎರಡು ಗಾಜಿನ ಲೋಟ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಇನ್ನು ಕರಗುವುದಿಲ್ಲ ಎನ್ನುವವರೆಗೆ ಉಪ್ಪು ಕಲಸಿದ ನೀರು. ಚೂರುಗಳನ್ನು ಹಾಗೇ ಹಾಕಿದರೆ ಎಲ್ಲವೂ ನೀರಿನ ಮೇಲ್ಪದರಕ್ಕೆ ಅಂಟಿಕೊಂಡು ತೇಲಿ ಹಾದಿ ತಪ್ಪಿಸುತ್ತವೆ. ಒಂದೇ ಒಂದು ಹನಿ ಪಾತ್ರೆ ಸೋಪು ಹಾಕಿ ಕದಡಿದೆವು. ಬರೀ ನೀರಿನಲ್ಲಿ ಹಾಲಿನ ಪ್ಯಾಕೆಟ್ಟೂ ಮುಚ್ಚಳವೂ ತೇಲಿದವು, ಚಮಚದ ತುಂಡೂ ಬಾಟಲಿಯ ಮೈಯೂ ತಳಕ್ಕೆ ಹೋದವು. ಉಪ್ಪುನೀರಿನಲ್ಲಿ ಚಮಚದ ತುಂಡು ಮೇಲೆದ್ದು ಬಂತು. ಬಾಟಲಿಯ ಚೂರು ಮಾತ್ರ ತಳದಲ್ಲೇ ಉಳಿಯಿತು. ‘ಇದು ಯಾಕಜ್ಜ ಏಳ್ತಿಲ್ಲ? ಇನ್ನೂ ಉಪ್ಪು ಹಾಕು’ ಎಂದಳು ಮಗು. ಹಾಕಿದೆ. ಉಪ್ಪು ಹರಳು ಹರಳಾಗಿ ಬಾಟಲಿ ಚೂರಿನ ಪಕ್ಕದಲ್ಲೇ ಹೋಗಿ ಕೂತಿತು.

ಈ ಅಂಕಣದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಆ ಲೋಟದಲ್ಲೇ ಇದೆ. ಒಂದು ಲೀಟರ್ ನೀರು ಸುಮಾರು 360 ಗ್ರಾಂ ಅಡುಗೆ ಉಪ್ಪನ್ನು ಕರಗಿಸಿಕೊಳ್ಳುತ್ತದೆ, ಅದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಆಗ ಅದರ ಸಾಂದ್ರತೆ ಒಂದು ಮಿಲಿಲೀಟರಿಗೆ 1.2 ಗ್ರಾಂ. ಮರಳಿನದು 2.65, ಅದು ಎಂಥ ಉಪ್ಪುನೀರಿನಲ್ಲೂ ಮುಳುಗುತ್ತದೆ. ಹಾಲಿನ ಪ್ಯಾಕೆಟ್, ಕೈಚೀಲಗಳ ಪಾಲಿಥೀನ್ 0.91ರಿಂದ 0.97. ಮುಚ್ಚಳ, ಗೊಬ್ಬರದ ಚೀಲಗಳ ಪಾಲಿಪ್ರೊಪಿಲೀನ್ 0.9ರ ಆಸುಪಾಸು. ಚಮಚದ ಪಾಲಿಸ್ಟೈರೀನ್ 1.05, ನೈಲಾನ್ 1.14. ಇವಿಷ್ಟೂ 1.2ರ ಒಳಗೆ ಇರುವುದರಿಂದ ಉಪ್ಪುನೀರು ಇವನ್ನೆಲ್ಲ ಎತ್ತಿ ಕೊಡುತ್ತದೆ. ಆದರೆ ನೀರಿನ ಬಾಟಲಿಯ ಪೆಟ್ 1.38, ಪೈಪಿನ ಪಿವಿಸಿ 1.3ರಿಂದ 1.45. ಇವು ಮರಳಿನ ಜೊತೆ ಕೆಳಗೇ ಉಳಿಯುತ್ತವೆ. ಪಾಲಿಯೆಸ್ಟರ್ ನೂಲು ಎಂದರೆ ರಾಸಾಯನಿಕವಾಗಿ ಅದೇ ಪೆಟ್. ಎಳೆ ಸಣ್ಣದಾದ್ದರಿಂದ ಒಂದಿಷ್ಟು ಗುಳ್ಳೆಗೆ ಅಂಟಿ ಮೇಲೆ ಬಂದಾವು, ಎಲ್ಲವೂ ಬರುವುದಿಲ್ಲ. ನಮ್ಮ ಸ್ನಾನಘಟ್ಟ, ಬಟ್ಟೆ ಒಗೆಯುವ ಕಲ್ಲುಗಳ ಪಕ್ಕದ ಕೆಸರನ್ನು ಬರೀ ಅಡುಗೆ ಉಪ್ಪಿನಲ್ಲಿ ಪರೀಕ್ಷಿಸಿದರೆ, ಅಲ್ಲಿ ಯಾವುದು ಹೆಚ್ಚಿರಬಹುದೋ ಅದೇ ಲೆಕ್ಕದಿಂದ ಜಾರಿಹೋಗುವ ಅಪಾಯವಿದೆ.

ಶಿವಮೊಗ್ಗದ ಸವಳಂಗ ರಸ್ತೆಯ ಉದ್ದಕ್ಕೆ ಕಾಲೇಜುಗಳಿವೆ. ನವುಲೆಯ ಕಡೆ ಹೋದರೆ ಎಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು ಎರಡೂ ಸಿಗುತ್ತವೆ. ಈ ರಸ್ತೆಯ ಒಂದು ಪ್ರಯೋಗಾಲಯದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲಸ ಮಾಡುತ್ತಾಳೆ. ಭದ್ರಾವತಿಯ ಪತ್ರದ ವಿಷಯ ಹೇಳಿದಾಗ ‘ಬನ್ನಿ ಸರ್, ಕಲಿಕೆಗೆ ಅಂತ ಒಂದು ಬ್ಯಾಚ್ ಮಾಡ್ತಿದ್ದೀವಿ, ಮೊದಲಿಂದ ಕೊನೆವರೆಗೆ ನೋಡಿ’ ಎಂದಳು. ನಾಲ್ಕು ದಿನ ಹೋಗಿ ಬಂದೆ.

ಮೊದಲ ದಿನ ನದಿಯ ಕೆಸರು ಬಂದದ್ದು ಗಾಜಿನ ಭರಣಿಯಲ್ಲಿ, ಮುಚ್ಚಳದ ಕೆಳಗೆ ಅಲ್ಯೂಮಿನಿಯಂ ಹಾಳೆ ಹಾಕಿ. ತೆಗೆದದ್ದು ಸ್ಟೀಲ್ ಕರಣೆಯಿಂದ, ಮೇಲಿನ ನಾಲ್ಕೈದು ಸೆಂಟಿಮೀಟರ್ ಮಾತ್ರ. ಪ್ಲಾಸ್ಟಿಕ್ ಡಬ್ಬ, ಪ್ಲಾಸ್ಟಿಕ್ ಚಮಚ ಹತ್ತಿರಕ್ಕೂ ಬರಕೂಡದು. ಕೆಸರನ್ನು ಓವನ್ನಿನಲ್ಲಿ ಹದವಾದ ಬಿಸಿಗೆ, ಅಂದರೆ 60 ಡಿಗ್ರಿ ದಾಟದಂತೆ, ಪೂರ್ತಿ ಒಣಗುವವರೆಗೆ ಇಟ್ಟರು. ಬಿಸಿ ಜಾಸ್ತಿಯಾದರೆ ತೆಳು ಪ್ಲಾಸ್ಟಿಕ್ ಮುದುಡಿ ರೂಪ ಕೆಡುತ್ತದೆ. ಒಣಗಿದ್ದನ್ನು ಐದು ಮಿಲಿಮೀಟರ್ ಜರಡಿಯಲ್ಲಿ ಜರಡಿ ಹಿಡಿದು, ಕಲ್ಲು ಕಡ್ಡಿ ತೆಗೆದು, ತೂಗಿ ಬರೆದುಕೊಂಡರು. ‘ಒಂದು ಕಿಲೋಗೆ ಇಷ್ಟು’ ಎಂದು ಪೇಪರಿನಲ್ಲಿ ಬರುವ ಕಿಲೋ ಈ ಒಣ ತೂಕ. ಹಸಿ ಕೆಸರಿನ ಕಿಲೋ ಎಂದುಕೊಂಡು ಹೋಲಿಸಿದರೆ ಲೆಕ್ಕವೆಲ್ಲ ಅಡಿಮೇಲಾಗುತ್ತದೆ.

ಎರಡನೆಯ ದಿನ ಉಪ್ಪುನೀರು. ನನಗೆ ಅಚ್ಚರಿ ತಂದ ಸಂಗತಿ, ಕೆಸರಿಗೆ ಸುರಿಯುವ ಮೊದಲು ಆ ಉಪ್ಪುನೀರನ್ನೇ ಸೋಸುತ್ತಾರೆ. ಉಪ್ಪಿನಲ್ಲೂ ಪ್ಲಾಸ್ಟಿಕ್ ಇರುತ್ತದಲ್ಲ! ಮುಂಬೈ ಐಐಟಿಯ ಸಂಶೋಧಕರು ನಮ್ಮ ದೇಶದ ಸಮುದ್ರದ ಉಪ್ಪಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಇರುವುದನ್ನು 2018ರಲ್ಲಿ ತೋರಿಸಿದ್ದರು. ಅದನ್ನು ಸೋಸದೆ ಸುರಿದರೆ ಅಂಗಡಿಯ ಉಪ್ಪಿನ ಪ್ಲಾಸ್ಟಿಕ್ಕನ್ನು ತುಂಗೆಯ ತಲೆಗೆ ಕಟ್ಟಿದಂತೆ.

ಸೋಸಿದ ಉಪ್ಪುನೀರನ್ನು ಕೆಸರಿನ ಬೀಕರಿಗೆ ಸುರಿದು ಗಾಜಿನ ಕಡ್ಡಿಯಿಂದ ಚೆನ್ನಾಗಿ ಕದಡಿ, ಮೇಲೆ ಗಾಜಿನ ತಟ್ಟೆ ಮುಚ್ಚಿ ಇಟ್ಟರು. ಕದಡಿದ ಕೂಡಲೇ ಅದು ಮಳೆಗಾಲದ ಹೊಳೆಯ ಬಣ್ಣ. ಮರಳು ಕಣ್ಣೆದುರೇ ಸರ್ರನೆ ಇಳಿಯಿತು. ಜೇಡಿ ತಡಮಾಡಿತು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಕೆಳಗೆ ನಾಲ್ಕು ಬೆರಳು ಕಂದು ಮಣ್ಣು, ಮೇಲೆ ಚಹಾದ ಬಣ್ಣದ ತಿಳಿನೀರು, ಅದರ ನೆತ್ತಿಯ ಮೇಲೆ ಗಾಜಿನ ಅಂಚಿಗೆ ಒತ್ತಿಕೊಂಡು ಒಂದು ಕೊಳಕು ಉಂಗುರ: ಎಲೆಯ ನಾರು, ಬೀಜದ ಸಿಪ್ಪೆ, ಯಾವುದೋ ಹುಳದ ರೆಕ್ಕೆ. ಅವುಗಳ ನಡುವೆ ಒಂದು ತಿಳಿನೀಲಿ ಎಳೆ. ಬೀಕರಿಗೆ ನಿಧಾನವಾಗಿ ಇನ್ನಷ್ಟು ಉಪ್ಪುನೀರು ಎರೆದು ಆ ಉಂಗುರವನ್ನು ಉಕ್ಕಿಸಿ ಕೆಳಗಿನ ತಟ್ಟೆಗೆ ಇಳಿಸಿಕೊಂಡರು. ಮತ್ತೆ ಕದಡಿ, ಮತ್ತೆ ಕೂರಿಸಿ, ಮತ್ತೆ ಉಕ್ಕಿಸಿ, ಹೀಗೆ ಮೂರು ಸಲ. ಉಪ್ಪು ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ ಬೇಗ ಕೂರಿಸುತ್ತದೆ. ಹಾಗೆ ಕೂರುವಾಗ ತೇಲಬೇಕಾದ ಪ್ಲಾಸ್ಟಿಕ್ಕನ್ನೂ ಅಪ್ಪಿಕೊಂಡು ತಳಕ್ಕೆ ಒಯ್ಯುತ್ತದೆ. ಒಂದೇ ಸಲ ಕದಡಿ ಬಿಟ್ಟರೆ ಅವು ಅಲ್ಲೇ ಹೂತುಹೋಗುತ್ತವೆ.

ಸವಳಂಗ ರಸ್ತೆ ಹಿಡಿದು ಮುಂದೆ ಹೋದರೆ ಸಿಗುವ ನ್ಯಾಮತಿ, ಹೊನ್ನಾಳಿ ಸೀಮೆಯಲ್ಲಿ ಹಿಂದೆ ಜಲಗಾರರು ಹಳ್ಳದ ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದರು. ಅವರು ಮೇಲಿನದನ್ನೆಲ್ಲ ಚೆಲ್ಲಿ ಮರಿಗೆಯ ತಳದಲ್ಲಿ ಉಳಿದ ಭಾರದ ಕಣವನ್ನು ಇಟ್ಟುಕೊಳ್ಳುತ್ತಿದ್ದರು. ಪ್ರಯೋಗಾಲಯದ ಈ ಹುಡುಗಿಯರು ತಳದ್ದನ್ನು ಬಿಟ್ಟು ಮೇಲಿನ ಹಗುರವನ್ನು ಇಟ್ಟುಕೊಳ್ಳುತ್ತಾರೆ. ಕೈಯ ತಾಳ್ಮೆ ಇಬ್ಬರದೂ ಒಂದೇ.

ತೇಲಿಬಂದದ್ದೆಲ್ಲ ಪ್ಲಾಸ್ಟಿಕ್ ಅಲ್ಲವಷ್ಟೆ. ಮಲೆನಾಡಿನ ಕೆಸರಿನಲ್ಲಿ ಎಲೆ, ಬೇರು, ಅಡಿಕೆ ಸಿಪ್ಪೆಯ ನಾರು ತುಂಬಿರುತ್ತದೆ. ನೆನೆದು ಬಿಳಿಚಿದ ಅಡಿಕೆ ನಾರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೈಲಾನ್ ಎಳೆ ಎಂದು ಪ್ರಮಾಣ ಮಾಡಿ ಹೇಳಬೇಕು ಅನಿಸುತ್ತದೆ. ಅದಕ್ಕಾಗಿ ಇದನ್ನೆಲ್ಲ ಶೇಕಡ 30ರ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಹಾಕಿ, ಒಂದಿಷ್ಟು ಕಬ್ಬಿಣದ ಸಲ್ಫೇಟ್ ಸೇರಿಸುತ್ತಾರೆ. ಸೇರಿಸಿದ ಸ್ವಲ್ಪ ಹೊತ್ತಿಗೆ ಬೀಕರ್ ತಾನೇ ಬಿಸಿಯಾಗಿ ಹಾಲುಕ್ಕಿದಂತೆ ನೊರೆ ಏಳುತ್ತದೆ. ಪಕ್ಕದಲ್ಲಿ ಐಸ್ ನೀರಿನ ತಟ್ಟೆ ಸಿದ್ಧವಿರಬೇಕು, ಕೈಗೆ ಗವಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಈ ಕೆಲಸವನ್ನು ಮನೆಯಲ್ಲಿ ಮಾಡಲು ಹೋಗಬೇಡಿ, ಮಕ್ಕಳಿಗಂತೂ ಬಿಡಬೇಡಿ. ನೊರೆ ಇಳಿದ ಮೇಲೆ ಎಲೆ, ನಾರು ಬಹುಪಾಲು ಕರಗಿರುತ್ತವೆ, ಪ್ಲಾಸ್ಟಿಕ್ ಉಳಿಯುತ್ತದೆ. ಉಳಿದದ್ದನ್ನು ಗಾಜಿನ ನಾರಿನ ಫಿಲ್ಟರ್ ಪೇಪರಿನ ಮೇಲೆ ಪಂಪಿನಿಂದ ಎಳೆದು ಸೋಸಿ ಮುಚ್ಚಿಡುತ್ತಾರೆ.

ಇನ್ನು ಬಾಟಲಿ ಚೂರಿನ ವಿಷಯ. ಅದನ್ನೂ ತೇಲಿಸುವ ದ್ರಾವಣಗಳಿವೆ. ಜಿಂಕ್ ಕ್ಲೋರೈಡನ್ನು 1.5ರಿಂದ 1.7ರ ಸಾಂದ್ರತೆಗೆ ಕಲಸಬಹುದು, ಸೋಡಿಯಂ ಅಯೋಡೈಡ್ 1.8ರವರೆಗೂ ಹೋಗುತ್ತದೆ. ಜರ್ಮನಿಯ ಸಂಶೋಧಕರು 2012ರಲ್ಲಿ ಆಳೆತ್ತರದ ಉಕ್ಕಿನ ಗೋಪುರದಂಥ ಸಾಧನ ಮಾಡಿ, ಜಿಂಕ್ ಕ್ಲೋರೈಡ್ ತುಂಬಿ, ತಾವೇ ಎಣಿಸಿ ಹಾಕಿದ ಚೂರುಗಳಲ್ಲಿ ದೊಡ್ಡವನ್ನು ಪೂರ್ತಿಯಾಗಿ, ಒಂದು ಮಿಲಿಮೀಟರಿಗಿಂತ ಸಣ್ಣವನ್ನು ಶೇಕಡ 95.5ರಷ್ಟು ಮರಳಿ ಪಡೆದರು. ಆದರೆ ಅಯೋಡೈಡ್ ತುಂಬ ದುಬಾರಿ. ಜಿಂಕ್ ಕ್ಲೋರೈಡ್ ಚರ್ಮ ಸುಡುತ್ತದೆ, ಜಲಚರಗಳಿಗೆ ವಿಷ. ನದಿಯ ಕಸ ಎಣಿಸಲು ಹೋಗಿ ಅದನ್ನು ಸಿಂಕಿಗೆ ಸುರಿದರೆ ಅದು ಅದೇ ನದಿಗೆ ಹೋಗುತ್ತದೆ. ಸೋಸಿ ಮತ್ತೆ ಮತ್ತೆ ಬಳಸುವ, ಕೊನೆಗೆ ಅಪಾಯಕಾರಿ ತ್ಯಾಜ್ಯವಾಗಿ ಒಪ್ಪಿಸುವ ವ್ಯವಸ್ಥೆ ಇಲ್ಲದ ಕಡೆ ಅದನ್ನು ಬಳಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಥಲ್ಲಿ ಅಡುಗೆ ಉಪ್ಪೇ ಸಾಕು. ‘ಇದರಲ್ಲಿ ಪೆಟ್ ಮತ್ತು ಪಿವಿಸಿ ಲೆಕ್ಕಕ್ಕೆ ಪೂರ್ತಿ ಬಂದಿಲ್ಲ’ ಎಂದು ವರದಿಯಲ್ಲಿ ಒಂದು ಸಾಲು ಬರೆದುಬಿಡಲಿ. ಆ ಒಂದು ಸಾಲು ಇದ್ದರೆ ಸಂಖ್ಯೆಗೆ ಮರ್ಯಾದೆ ಬರುತ್ತದೆ.

ಮೂರನೆಯ ದಿನದ ಒಂದು ಘಟನೆ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಕೆಸರಿನ ಬೀಕರುಗಳ ಪಕ್ಕದಲ್ಲಿ ಕೆಸರೇ ಇಲ್ಲದ ಒಂದು ಬೀಕರ್ ಇಟ್ಟಿರುತ್ತಾರೆ. ಅದಕ್ಕೂ ಅದೇ ಉಪ್ಪುನೀರು, ಅದೇ ಪೆರಾಕ್ಸೈಡ್, ಅದೇ ಸೋಸುವಿಕೆ. ಬ್ಲ್ಯಾಂಕ್ ಎನ್ನುತ್ತಾರೆ. ಅದರ ಫಿಲ್ಟರ್ ಪೇಪರನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟಾಗ ಕಡುನೀಲಿ ಎಳೆಗಳು ಕಂಡವು. ಬೆಳಗಿನ ಚಳಿಗೆ ನಾನು ಕಡುನೀಲಿ ಸ್ವೆಟರ್ ಹಾಕಿಕೊಂಡು ಹೋಗಿದ್ದೆ. ಅವರೆಲ್ಲ ಬಿಳಿ ಹತ್ತಿ ಕೋಟಿನಲ್ಲಿದ್ದರು, ನನಗೂ ಒಂದು ಕೊಟ್ಟಿದ್ದರು, ನಾನು ಗುಂಡಿ ಹಾಕಿರಲಿಲ್ಲ. ಅರ್ಧ ಗಂಟೆ ಮೇಜಿನ ಪಕ್ಕ ನಿಂತದ್ದಕ್ಕೇ ನನ್ನ ಬಟ್ಟೆಯ ನೂಲು ಗಾಳಿಯಲ್ಲಿ ಬಂದು ಬೀಕರಿಗೆ ಬಿದ್ದಿತ್ತು. ಆ ದಿನದ ಇಡೀ ಬ್ಯಾಚನ್ನು ಅವರು ಪಕ್ಕಕ್ಕೆ ಇಟ್ಟು ಮತ್ತೆ ಮೊದಲಿಂದ ಶುರು ಮಾಡಿದರು. ಒಬ್ಬರೂ ಬೇಸರದ ಮಾತಾಡಲಿಲ್ಲ. ಬ್ಲ್ಯಾಂಕ್ ಇಟ್ಟಿರದಿದ್ದರೆ ನನ್ನ ಸ್ವೆಟರ್ ತುಂಗೆಯ ಮಾಲಿನ್ಯವಾಗಿ ದಾಖಲಾಗುತ್ತಿತ್ತು.

ಕೊನೆಯ ಕೆಲಸ ಗುರುತು ಹಿಡಿಯುವುದು. ಕೆಂಪಗೆ ಕಾಯಿಸಿದ ಸೂಜಿಯ ತುದಿ ತಾಗಿಸಿದರೆ ಪ್ಲಾಸ್ಟಿಕ್ ಕರಗುತ್ತದೆ, ಇಲ್ಲವೇ ಸುರುಳಿಯಾಗುತ್ತದೆ. ನಾರು ಹಾಗೆ ಮಾಡುವುದಿಲ್ಲ. ನೈಲ್ ರೆಡ್ ಎಂಬ ಬಣ್ಣ ಹಚ್ಚಿ ನೀಲಿ ಬೆಳಕು ಬಿಟ್ಟರೆ ಹಲವು ಬಗೆಯ ಪ್ಲಾಸ್ಟಿಕ್ ಹೊಳೆಯುತ್ತದೆ, ಆದರೆ ಕರಗದೆ ಉಳಿದ ಜಿಡ್ಡಿನ ಕಣವೂ ಹೊಳೆದು ಮೋಸ ಮಾಡೀತು. ಯಾವ ಪ್ಲಾಸ್ಟಿಕ್ ಎಂದು ಖಚಿತವಾಗಿ ಹೇಳಲು ಅವಗೆಂಪು ಕಿರಣದ ಎಫ್‌ಟಿಐಆರ್ ಅಥವಾ ರಾಮನ್ ಯಂತ್ರವೇ ಬೇಕು. ಕಾವೇರಿಯ ಕೆಆರ್‌ಎಸ್ ಬಳಿಯ ನೀರಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಇರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಪೇಂದ್ರ ನಾಂಗ್ತೊಂಬಾ ಅವರ ತಂಡ ಗುರುತಿಸಿದ್ದು ರಾಮನ್ ವಿಧಾನದಿಂದ. ಆ ನೀರಿನಲ್ಲಿ ಬೆಳೆದ ಜೀಬ್ರಾ ಮೀನಿನ ಮರಿಗಳ ಅಸ್ಥಿಪಂಜರದಲ್ಲಿ ದೋಷ ಕಂಡದ್ದೂ ಅದೇ ಅಧ್ಯಯನದಲ್ಲಿ.

ಕೆಸರಿನ ಲೆಕ್ಕಕ್ಕೆ ನಮ್ಮ ಹತ್ತಿರದ ಒಳ್ಳೆಯ ಉದಾಹರಣೆ ನೇತ್ರಾವತಿ. ಮಣಿಪಾಲದ ಸಂಶೋಧಕರು ಆ ನದಿಯನ್ನು ಮೂಲದಿಂದ ಕಡಲಿನವರೆಗೆ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಸರಾಸರಿ ಹೀಗಿದೆ: ಒಂದು ಘನಮೀಟರ್ ನೀರಿನಲ್ಲಿ 288 ಚೂರು, ಒಂದು ಕಿಲೋ ಕೆಸರಿನಲ್ಲಿ 96 ಚೂರು. ಆ ಸಂಖ್ಯೆಯ ಪಕ್ಕದಲ್ಲೇ ಅವರು ‘0.3 ಮಿಲಿಮೀಟರಿನಿಂದ 5 ಮಿಲಿಮೀಟರ್’ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. 0.3ಕ್ಕಿಂತ ಸಣ್ಣದು ಆ ಲೆಕ್ಕದಲ್ಲಿ ಇಲ್ಲ. ನಾಳೆ ಇನ್ನೊಬ್ಬರು ಇನ್ನೊಂದು ನದಿಯಲ್ಲಿ ಇನ್ನೂ ಸಣ್ಣ ಜರಡಿ ಹಿಡಿದು ಕಿಲೋಗೆ ಸಾವಿರ ಎಂದರೆ, ಆ ನದಿ ನೇತ್ರಾವತಿಗಿಂತ ಹತ್ತು ಪಟ್ಟು ಕೆಟ್ಟಿದೆ ಎಂದು ತಲೆಬರಹ ಬರೆಯುವುದು ತಪ್ಪಾಗುತ್ತದೆ. ಆದ್ದರಿಂದ ಭದ್ರಾವತಿಯ ಓದುಗರಿಗೆ ನನ್ನ ಉತ್ತರ ಇದು: ನಂಬಿ, ಆದರೆ ಯಾವ ಉಪ್ಪು, ಎಷ್ಟು ಸಣ್ಣ ಜರಡಿ, ಬ್ಲ್ಯಾಂಕ್ ಇಟ್ಟಿದ್ದರೇ ಎಂದು ಕೇಳಿ ನಂಬಿ. ಎಣಿಸಿ ಹಾಕಿದ ಚೂರು ಎಣಿಸಿದಷ್ಟೇ ವಾಪಸ್ ಬಂತೇ ಎಂದೂ ಕೇಳಬಹುದು. ಸರಿಯಾಗಿ ಕೆಲಸ ಮಾಡಿದವರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಸಂತೋಷದಿಂದ ಕೂರಿಸಿ ಹೇಳುತ್ತಾರೆ.

ನಾನು ನೋಡಿದ ಬ್ಯಾಚಿನಲ್ಲಿ ಎಷ್ಟು ಸಿಕ್ಕಿತು ಎಂದು ಇಲ್ಲಿ ಬರೆಯುವುದಿಲ್ಲ. ಒಂದು ಜಾಗದ ಒಂದು ಭರಣಿ ಕೆಸರಿನಿಂದ ತುಂಗೆಯ ಬಗ್ಗೆ ಮಾತಾಡುವುದು ನದಿಗೂ ಅನ್ಯಾಯ, ಆ ಮಕ್ಕಳ ಶ್ರಮಕ್ಕೂ ಅನ್ಯಾಯ. ಗಂಗಾ ಸ್ನಾನ, ತುಂಗಾ ಪಾನ ಎಂದು ಹೇಳಿಕೊಳ್ಳುವ ಊರು ನಮ್ಮದು. 2024ರ ನವೆಂಬರಿನಲ್ಲಿ ಇದೇ ನದಿಗಾಗಿ ಶೃಂಗೇರಿಯಿಂದ ಕಿಷ್ಕಿಂಧೆಯ ಕಡೆಗೆ ಜನ ಪಾದಯಾತ್ರೆ ಹೊರಟದ್ದನ್ನು ನೋಡಿದ್ದೇವೆ. ಆ ಕಾಳಜಿಗೆ ವರ್ಷ ವರ್ಷವೂ ಒಂದೇ ಜಾಗದಲ್ಲಿ, ಒಂದೇ ವಿಧಾನದಲ್ಲಿ ಮಾಡಿದ ಲೆಕ್ಕ ಜೊತೆಯಾಗಬೇಕು. ಗಾಜನೂರಿನ ಕೆಳಗೆ ಒಂದು ಜಾಗ, ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಬಳಿ ಒಂದು, ಭದ್ರಾವತಿ ದಾಟಿದ ಮೇಲೆ ಭದ್ರೆಯಲ್ಲಿ ಒಂದು, ಎರಡೂ ಸೇರುವ ಕೂಡ್ಲಿಯಲ್ಲಿ ಒಂದು. ಮಳೆಗೆ ಮೊದಲು ಮೇ ತಿಂಗಳಲ್ಲಿ ಒಮ್ಮೆ, ಮಳೆ ನಿಂತು ನೀರು ಇಳಿದ ಮೇಲೆ ಒಮ್ಮೆ. ಇದಕ್ಕೆ ಬೇಕಾದದ್ದು ಓವನ್, ಜರಡಿ, ಬೀಕರ್, ಪೆರಾಕ್ಸೈಡ್, ಒಂದು ಸೂಕ್ಷ್ಮದರ್ಶಕ ಮತ್ತು ಕೆಲವು ಕಿಲೋ ಉಪ್ಪು. ಇಷ್ಟು ಸಲಕರಣೆ ವಿಜ್ಞಾನ ಕಲಿಸುವ ಯಾವ ಕಾಲೇಜಿಗೂ ಭಾರವಲ್ಲ. ಯಂತ್ರದಲ್ಲಿ ಗುರುತು ಹಿಡಿಸಬೇಕಾದ ಹತ್ತಾರು ಚೂರುಗಳನ್ನು ಮಾತ್ರ ದೊಡ್ಡ ಸಂಸ್ಥೆಗೆ ಕಳಿಸಿದರಾಯಿತು.

ಸವಳಂಗ ರಸ್ತೆಯ ಕಾಲೇಜುಗಳ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ, ಶಂಕರಘಟ್ಟದ ವಿಶ್ವವಿದ್ಯಾಲಯದವರಲ್ಲಿ ನನ್ನ ಕೋರಿಕೆ: ಬರುವ ಮೇ ತಿಂಗಳಲ್ಲಿ ಶುರು ಮಾಡಿ. ಆಗ ತುಂಗೆ ತಗ್ಗಿ ದಡದ ಹೂಳು ಕೈಗೆ ಸಿಗುತ್ತದೆ. ಸ್ಟೀಲ್ ಕರಣೆ, ಗಾಜಿನ ಭರಣಿ ತನ್ನಿ, ಹತ್ತಿ ಬಟ್ಟೆ ಹಾಕಿಕೊಂಡು ಬನ್ನಿ.